ಗ್ರಂಥಾಲಯ ಪುಕ್ಕಟೆಯಲ್ಲ, ಅದಕ್ಕೆ ನಾವು ಕರ ಕಟ್ಟುತ್ತೇವೆ

ಪಂಚಾಯಿತಿಗೆ ಮನೆ ಕಂದಾಯ ಕಟ್ಟಿದ ರಸೀದಿ ಇದ್ದರೆ ಒಮ್ಮೆ ತೆಗೆದು ನೋಡಿ. ತೆರಿಗೆಯ ಮೊತ್ತದ ಜೊತೆಗೆ ಇನ್ನೂ ನಾಲ್ಕು ಕರಗಳಿರುತ್ತವೆ. ಆರೋಗ್ಯ ಕರ ಶೇ 15, ಶಿಕ್ಷಣ ಕರ ಶೇ 10, ಗ್ರಂಥಾಲಯ ಕರ ಶೇ 6, ಭಿಕ್ಷುಕರ ಕರ ಶೇ 3. ಮನೆಗೆ ಸಾವಿರ ರೂಪಾಯಿ ತೆರಿಗೆ ಬಂದರೆ ಅದರ ಮೇಲೆ ಅರವತ್ತು ರೂಪಾಯಿ ಗ್ರಂಥಾಲಯದ ಹೆಸರಿನಲ್ಲಿ ಹೋಗುತ್ತದೆ. ಪುಸ್ತಕ ಮುಟ್ಟಿದವನೂ ಕಟ್ಟುತ್ತಾನೆ, ಗ್ರಂಥಾಲಯ ಎಲ್ಲಿದೆ ಎಂದು ಗೊತ್ತಿಲ್ಲದವನೂ ಕಟ್ಟುತ್ತಾನೆ. ಈ ಕರದ ಬೇರು ಇರುವುದು 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯಗಳ ಕಾಯ್ದೆಯಲ್ಲಿ.

ಇಷ್ಟನ್ನು ಮೊದಲೇ ಹೇಳಲು ಕಾರಣವಿದೆ. ಪಂಚಾಯಿತಿ ಗ್ರಂಥಾಲಯದ ಕಾರ್ಯಕ್ರಮಗಳ ಬಗ್ಗೆ ಬರುವ ಪತ್ರಿಕಾ ಪ್ರಕಟಣೆಗಳಲ್ಲಿ ‘ಉಚಿತ’ ಎಂಬ ಪದ ತಪ್ಪದೆ ಇರುತ್ತದೆ. ಉಚಿತ ಕಥಾ ಶಿಬಿರ, ಉಚಿತ ಸದಸ್ಯತ್ವ, ಉಚಿತ ಕಂಪ್ಯೂಟರ್ ತರಬೇತಿ. ಉಚಿತ ಎಂದ ಕೂಡಲೇ ಜನ ಕೈಕಟ್ಟಿ ನಿಲ್ಲುತ್ತಾರೆ. ಕೊಟ್ಟಷ್ಟು ತಗೋಬೇಕು, ಕೇಳಬಾರದು ಎಂಬ ಭಾವನೆ. ನನ್ನ ವಾದ ಇಷ್ಟೇ: ಅದು ಉಚಿತವಲ್ಲ, ನಾವು ಮುಂಗಡ ದುಡ್ಡು ಕೊಟ್ಟಿದ್ದೇವೆ. ಹಾಗಾಗಿ ಯಾವ ಕಾರ್ಯಕ್ರಮ, ಯಾರಿಗೆ, ಯಾವ ಹೊತ್ತಿನಲ್ಲಿ ಎಂದು ಕೇಳುವ ಹಕ್ಕು ನಮ್ಮದು.

ಆಗಿರುವ ಒಳ್ಳೆಯ ಕೆಲಸವನ್ನು ಒಪ್ಪಿಕೊಂಡೇ ಮುಂದಿನ ಮಾತು. 2019ರಲ್ಲಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಸಾರ್ವಜನಿಕ ಗ್ರಂಥಾಲಯ ಇಲಾಖೆಯಿಂದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಬಂದವು. ಅಂಥವು ರಾಜ್ಯದಲ್ಲಿ 5,600ಕ್ಕೂ ಹೆಚ್ಚಿವೆ. 2020ರಲ್ಲಿ ಕೊರೊನಾದಿಂದ ಶಾಲೆಗಳು ಮುಚ್ಚಿದ್ದಾಗ ‘ಓದುವ ಬೆಳಕು’ ಶುರುವಾಗಿ ಆರರಿಂದ ಹದಿನೆಂಟು ವರ್ಷದ ಮಕ್ಕಳಿಗೆ ಶುಲ್ಕವಿಲ್ಲದೆ ಸದಸ್ಯತ್ವ ಸಿಕ್ಕಿತು. ಕಥೆ ಓದಿಸುವುದು, ಚಿತ್ರ ಬಿಡಿಸುವುದು, ರಸಪ್ರಶ್ನೆ, ಚೆಸ್ ಬಂದವು. ಹಳೇ ಪೇಪರಿನ ವಾಸನೆ ಹೊಡೆಯುತ್ತಿದ್ದ ಕೋಣೆಗಳ ಗೋಡೆಗೆ ಬಣ್ಣ ಬಂತು, ಬೋರ್ಡಿನ ಮೇಲೆ ‘ಅರಿವು ಕೇಂದ್ರ’ ಎಂಬ ಹೆಸರು ಬಂತು. ಕೆಲವು ಕಡೆ ಟಿವಿ, ಕಂಪ್ಯೂಟರ್ ಕೂಡ ಬಂದಿವೆ. ಊರಿನ ಬಡ ಮಗುವೊಂದು ಪಠ್ಯಪುಸ್ತಕ ಅಲ್ಲದ ಪುಸ್ತಕವನ್ನು ಮೊದಲ ಸಲ ಕೈಯಲ್ಲಿ ಹಿಡಿಯುವ ಜಾಗ ಅದೊಂದೇ ಆಗಿರುತ್ತದೆ.

ಆದರೆ ಸಂಜೆ ಐದೂವರೆಗೆ ಯಾವುದಾದರೂ ಅರಿವು ಕೇಂದ್ರದ ಒಳಗೆ ಹೋಗಿ ಯಾರಿದ್ದಾರೆ ಎಣಿಸಿ. ಮಕ್ಕಳು ಮನೆಗೆ ಹೋಗಿರುತ್ತಾರೆ. ಪೊಲೀಸ್ ಕಾನ್‌ಸ್ಟೆಬಲ್, ಪಿಡಿಒ ಪರೀಕ್ಷೆಗೆ ಓದುವ ನಾಲ್ಕಾರು ಹುಡುಗರಿರುತ್ತಾರೆ. ಪೇಪರ್ ಓದುವ ಒಬ್ಬಿಬ್ಬರು ಹಿರಿಯರು. ಮೂವತ್ತರಿಂದ ಅರವತ್ತರ ನಡುವಿನ ಹೆಂಗಸರು? ನಾನು ಸುದ್ದಿಗೆ ಓಡಾಡುವ ತಾಲ್ಲೂಕಿನಲ್ಲಿ ಕಾರ್ಯಕ್ರಮದ ದಿನ ಬಿಟ್ಟು ಬೇರೆ ದಿನ ಅವರನ್ನು ಅಲ್ಲಿ ಕಂಡದ್ದು ಬಹಳ ಅಪರೂಪ. ಕಾರ್ಯಕ್ರಮದ ದಿನವೂ ಸ್ವಸಹಾಯ ಸಂಘದವರನ್ನು ಕರೆಸಿ ಕೂರಿಸಿ, ಫೋಟೋ ತೆಗೆದು, ಬಾಳೆಹಣ್ಣು ಕೊಟ್ಟು ಕಳಿಸುತ್ತಾರೆ. ಫೋಟೋ ಮೇಲಿನವರ ವಾಟ್ಸ್ಆ್ಯಪ್ ಗುಂಪಿಗೆ ಹೋಗುತ್ತದೆ, ಒಂದು ಪ್ರತಿ ನಮಗೂ ಬರುತ್ತದೆ. ‘ಎಲ್ಲ ವಯೋಮಾನದವರಿಗೂ’ ಎಂಬ ಶೀರ್ಷಿಕೆ ನಿಜವಾಗುವುದು ಆ ಫೋಟೋದಲ್ಲಿ ಮಾತ್ರ.

ಹೆಂಗಸರಿಗೆ, ಹಿರಿಯರಿಗೆ ಆಸಕ್ತಿ ಇಲ್ಲ ಎಂದು ಅಧಿಕಾರಿಗಳು ಹೇಳುವುದನ್ನು ಕೇಳಿದ್ದೇನೆ. ಅವರ ಹೊತ್ತು ಯಾವುದು ಎಂದು ಯಾರಾದರೂ ಕೇಳಿದ್ದಾರೆಯೇ? ಕೂಲಿಗೆ ಹೋದವಳು ಮನೆಗೆ ಬರುವುದು ಆರಕ್ಕೆ. ರೊಟ್ಟಿ ಬಡಿದು, ನೀರು ತುಂಬಿ, ಮಕ್ಕಳಿಗೆ ಉಣ್ಣಿಸುವ ಹೊತ್ತಿಗೆ ಎಂಟು ಗಂಟೆ. ಅಷ್ಟರಲ್ಲಿ ಗ್ರಂಥಾಲಯದ ಬೀಗ ಬಿದ್ದು ಎಷ್ಟೋ ಹೊತ್ತಾಗಿರುತ್ತದೆ. ಇನ್ನೊಂದು ನೋಡಿ. ಉತ್ತರ ಕರ್ನಾಟಕದ ಹಲವು ಊರುಗಳಲ್ಲಿ ಸೋಮವಾರ ಬಸವಣ್ಣನ ವಾರ, ಎತ್ತಿಗೆ ನೊಗ ಹೂಡುವುದಿಲ್ಲ. ರೈತನ ಕೈಗೆ ಒಂದಿಷ್ಟು ಬಿಡುವು ಸಿಗುವ ದಿನ ಅದು. ನಮ್ಮ ಸಾರ್ವಜನಿಕ ಗ್ರಂಥಾಲಯಗಳಿಗೆ ಬಹಳ ಕಡೆ ವಾರದ ರಜೆ ಯಾವತ್ತು ಗೊತ್ತೇ? ಸೋಮವಾರ. ವೇಳಾಪಟ್ಟಿ ಕಚೇರಿಯಲ್ಲಿ ತಯಾರಾದರೆ ಹೀಗೇ ಆಗುತ್ತದೆ.

ಕಾರ್ಯಕ್ರಮ ಎಂದರೆ ಏನು ಎಂಬುದನ್ನೂ ಊರಿನ ಕಡೆಯಿಂದ ಯೋಚಿಸಬೇಕು. ಸಂಧ್ಯಾ ಸುರಕ್ಷಾ ಪಿಂಚಣಿ ಬಂದಿದೆಯೋ ಇಲ್ಲವೋ ಎಂದು ತಿಳಿಯಲು ಅಜ್ಜಿಯೊಬ್ಬಳು ಪಾಸ್‌ಬುಕ್ ಹಿಡಿದು ಬ್ಯಾಂಕಿಗೆ ಹೋಗಿ ಸಾಲಿನಲ್ಲಿ ನಿಲ್ಲುತ್ತಾಳೆ. ಗೃಹಲಕ್ಷ್ಮಿಯ ಎರಡು ಸಾವಿರ ಯಾಕೆ ನಿಂತಿತು ಎಂದು ಕೇಳಲು ಹೋದವಳಿಗೆ ಇ-ಕೆವೈಸಿ ಮಾಡಿಸಿಕೊಂಡು ಬಾ ಎನ್ನುತ್ತಾರೆ. ಅವಳು ಸೈಬರ್ ಸೆಂಟರಿಗೆ ಹೋಗಿ ದುಡ್ಡು ಕೊಡುತ್ತಾಳೆ, ಜೊತೆಗೆ ಬಸ್ ಚಾರ್ಜು, ಒಂದು ದಿನದ ಕೂಲಿ. ವಾರಕ್ಕೆ ಒಂದು ಸಂಜೆ ಅರಿವು ಕೇಂದ್ರದಲ್ಲಿ ಅರ್ಜಿ ಓದಿ ಹೇಳುವ, ತುಂಬಿಕೊಡುವ, ಒಟಿಪಿಯನ್ನು ಯಾರಿಗೂ ಹೇಳಬಾರದು ಎಂದು ತಿಳಿಸುವ ಕೆಲಸ ನಡೆದರೆ ಅದಕ್ಕಿಂತ ದೊಡ್ಡ ಅರಿವು ಬೇರೆ ಇಲ್ಲ. ಪರೀಕ್ಷೆಗೆ ಓದುವ ಆ ನಾಲ್ಕಾರು ಹುಡುಗರೇ ಅದನ್ನು ಮಾಡಬಲ್ಲರು. ಅರ್ಜಿಗೆಂದು ಬಂದವಳು ಹೋಗುವಾಗ ಮಗಳ ಹೆಸರಿನಲ್ಲಿ ಒಂದು ಪುಸ್ತಕ ಒಯ್ಯುತ್ತಾಳೆ. ಆಮೇಲೆ ತನಗೂ ಒಂದು.

ಓದಲು ಬಾರದವರಿಗೆ ಗ್ರಂಥಾಲಯ ಯಾಕೆ ಎಂಬ ಪ್ರಶ್ನೆ ಬರುತ್ತದೆ. ಓದು ಕೇಳುವುದು ನಮ್ಮ ಹಳ್ಳಿಗಳಿಗೆ ಹೊಸದಲ್ಲ. ಶ್ರಾವಣದಲ್ಲಿ ಗುಡಿಯಲ್ಲಿ ಪುರಾಣ ಓದಿಸುತ್ತೇವೆ. ಒಬ್ಬರು ಓದುತ್ತಾರೆ, ಊರು ಕೇಳುತ್ತದೆ. ಅದೇ ರೀತಿ ವಾರಕ್ಕೊಮ್ಮೆ ಪೇಪರನ್ನೋ ಕಥೆಯನ್ನೋ ಗಟ್ಟಿಯಾಗಿ ಓದಿದರೆ ಅಕ್ಷರ ಬಾರದ ಅಜ್ಜನೂ ಆ ಗ್ರಂಥಾಲಯದ ಓದುಗನೇ. ತಿರುಗಿ ಅಜ್ಜನಿಂದ ಸೋಬಾನೆ, ಗಾದೆ, ಊರಿನ ಕೆರೆಯ ಕಥೆ ಮಕ್ಕಳು ಬರೆದುಕೊಳ್ಳಲಿ. ಎಲ್ಲ ವಯಸ್ಸಿನವರ ಕಾರ್ಯಕ್ರಮ ಎಂದರೆ ಮಕ್ಕಳಿಗೊಂದು ದಿನ, ಮುದುಕರಿಗೊಂದು ದಿನ ಎಂದು ಹಂಚುವುದಷ್ಟೇ ಅಲ್ಲ. ಒಬ್ಬರನ್ನು ಇನ್ನೊಬ್ಬರ ಎದುರು ಕೂರಿಸುವುದು.

ಪಕ್ಕದ ಕೇರಳದಲ್ಲಿ ಇದು ಬಹಳ ಹಿಂದೆಯೇ ಆಗಿದೆ. ಪಿ.ಎನ್. ಪಣಿಕ್ಕರ್ 1945ರಲ್ಲಿ ತಿರುವಾಂಕೂರಿನಲ್ಲಿ ಊರ ಗ್ರಂಥಾಲಯಗಳನ್ನು ಒಂದು ಸಂಘಕ್ಕೆ ತಂದರು. ಇವತ್ತು ಅಲ್ಲಿನ ಗ್ರಂಥಾಲಯಗಳಲ್ಲಿ ಮಕ್ಕಳಿಗೆ ಬಾಲವೇದಿ, ಹೆಂಗಸರಿಗೆ ವನಿತಾವೇದಿ ಇವೆ. ಮನೆ ಬಿಟ್ಟು ಬರಲಾಗದ ಹೆಂಗಸರಿಗೆ, ಹಿರಿಯರಿಗೆ ಪುಸ್ತಕವನ್ನು ಮನೆಗೇ ತಲುಪಿಸುವ ಏರ್ಪಾಡೂ ಇದೆ. ಅಲ್ಲಿ ಗ್ರಂಥಾಲಯ ನಡೆಸುವುದು ಊರಿನವರ ಸಮಿತಿ. ನಮ್ಮಲ್ಲಿ ಕಟ್ಟಡ ಪಂಚಾಯಿತಿಯದು, ಆದೇಶ ಬೆಂಗಳೂರಿನದು, ಊರಿನವರು ಅತಿಥಿಗಳು.

ಇಷ್ಟೆಲ್ಲ ಮಾಡುವವರು ಯಾರು ಎಂಬುದು ಕಷ್ಟದ ಪ್ರಶ್ನೆ. ಈಗ ಎಲ್ಲ ಭಾರ ಒಬ್ಬ ಮೇಲ್ವಿಚಾರಕರ ತಲೆಯ ಮೇಲಿದೆ. ಕೆಲವೇ ವರ್ಷಗಳ ಹಿಂದೆ ಅವರಿಗೆ ಸಿಗುತ್ತಿದ್ದದ್ದು ತಿಂಗಳಿಗೆ ಏಳು ಸಾವಿರ ರೂಪಾಯಿ ಗೌರವಧನ. ಹೋರಾಟಗಳ ನಂತರ ಅದು ಹೆಚ್ಚಿದೆ. ಆದರೆ ತಿಂಗಳ ದುಡ್ಡು ತಿಂಗಳಿಗೆ ಕೈಸೇರುವುದಿಲ್ಲ ಎಂಬ ದೂರು ನಿಂತಿಲ್ಲ. ಕಸ ಗುಡಿಸುವುದು, ಪೇಪರ್ ಜೋಡಿಸುವುದು, ಸದಸ್ಯರ ಪಟ್ಟಿ ಅಪ್‌ಲೋಡ್ ಮಾಡುವುದು, ಸಮೀಕ್ಷೆಗೆ ಹೋಗುವುದು, ಮಕ್ಕಳಿಗೆ ಕಥೆ ಹೇಳುವುದು, ಎಲ್ಲಕ್ಕೂ ಅವರೊಬ್ಬರೇ. ಅವರಿಗೆ ಸಂಬಳ ಕೊಡದೆ ರಾತ್ರಿ ಎಂಟಕ್ಕೆ ಬಾಗಿಲು ತೆಗೆ ಎನ್ನುವುದು ಅನ್ಯಾಯ. ಸಂಜೆಯ ಪಾಳಿ ಬೇಕೆಂದರೆ ಬೆಳಗಿನ ಗಂಟೆ ಕಡಿಮೆ ಮಾಡಿ, ಇಲ್ಲವೇ ಊರಿನ ಓದಿದ ಹೆಣ್ಣುಮಗಳೊಬ್ಬಳಿಗೆ ಎರಡು ಗಂಟೆಯ ಕೆಲಸ ಕೊಟ್ಟು ಕರದ ಹಣದಿಂದ ಸಂಭಾವನೆ ಕೊಡಿ.

ಹಣ ಎಲ್ಲಿದೆ ಎನ್ನುವವರಿಗೆ ಒಂದು ಸಣ್ಣ ಲೆಕ್ಕ. ಒಂದು ಪಂಚಾಯಿತಿಯಲ್ಲಿ ಸಾವಿರದೈನೂರು ಮನೆ, ಸರಾಸರಿ ಐನೂರು ರೂಪಾಯಿ ತೆರಿಗೆ ಎಂದುಕೊಳ್ಳಿ. ಪೂರ್ತಿ ವಸೂಲಾದರೆ ಗ್ರಂಥಾಲಯ ಕರವೇ 45 ಸಾವಿರ ರೂಪಾಯಿ. ದೊಡ್ಡ ಮೊತ್ತವಲ್ಲ, ಆದರೆ ವಾರಕ್ಕೆ ಎರಡು ಸಂಜೆ ದೀಪ ಉರಿಸಲು, ಒಂದಿಷ್ಟು ಹೊಸ ಪುಸ್ತಕ ತರಲು ಸಾಕು. ತೊಂದರೆ ಇರುವುದು ಆ ಲೆಕ್ಕ ಯಾರೂ ಕೇಳದಿರುವುದರಲ್ಲಿ. ರಸ್ತೆ, ಚರಂಡಿ, ನೀರಿನ ಲೆಕ್ಕ ಕೇಳುವ ಊರು ಗ್ರಂಥಾಲಯದ ಲೆಕ್ಕ ಕೇಳುವುದಿಲ್ಲ.

ಗ್ರಾಮಸಭೆ ವರ್ಷಕ್ಕೆ ಎರಡು ಸಲವಾದರೂ ಸೇರಬೇಕೆಂದು ಕಾನೂನಿದೆ. ಮುಂದಿನ ಸಭೆಯಲ್ಲಿ ಮೂರು ಪ್ರಶ್ನೆ ಕೇಳಿ, ನಡಾವಳಿ ಪುಸ್ತಕದಲ್ಲಿ ಬರೆಸಿ. ಕಳೆದ ವರ್ಷ ಗ್ರಂಥಾಲಯ ಕರ ಎಷ್ಟು ವಸೂಲಾಯಿತು, ಯಾವುದಕ್ಕೆ ಖರ್ಚಾಯಿತು? ಮೇಲ್ವಿಚಾರಕರಿಗೆ ಯಾವ ತಿಂಗಳವರೆಗೆ ಹಣ ಸಂದಿದೆ? ಬಾಗಿಲು ತೆರೆಯುವ ಹೊತ್ತನ್ನು ಊರು ನಿರ್ಧರಿಸಬಹುದೇ? ಮೂರನೆಯದನ್ನು ಹೆಂಗಸೊಬ್ಬಳು ಎದ್ದು ನಿಂತು ಕೇಳಿದರೆ ಒಳ್ಳೆಯದು. ಸಭೆಗೆ ಅವಳು ಬರಬೇಕಾದರೆ, ಸಭೆಯ ಹೊತ್ತೂ ಅವಳ ಹೊತ್ತಾಗಿರಬೇಕು.