ಉದ್ಘಾಟನೆಯ ಮಾರನೆಯ ದಿನ

ನಮ್ಮ ಜನಕ್ಕೆ ಕಟ್ಟುವ ಉತ್ಸಾಹ ಬಹಳ. ಕಟ್ಟಿದ್ದನ್ನು ಕಾಯುವ ಉತ್ಸಾಹ ಕಡಿಮೆ. ಬಸ್ ನಿಲ್ದಾಣವಾಗಲಿ, ನೀರಿನ ಟ್ಯಾಂಕಾಗಲಿ, ಟೇಪು ಕತ್ತರಿಸುವ ದಿನದ ಸಂಭ್ರಮ ಮಾರನೆಯ ದಿನಕ್ಕೆ ಉಳಿಯುವುದಿಲ್ಲ. ಈ ಹಳೆಯ ಚಾಳಿಗೆ ಸಿಕ್ಕ ಹೊಸ ಬಲಿಯೆಂದರೆ ಜಾಲತಾಣ. ಶಾಲೆಗೊಂದು, ಸೊಸೈಟಿಗೊಂದು, ದೇವಸ್ಥಾನಕ್ಕೊಂದು ಜಾಲತಾಣ ಬೇಕೆನ್ನುತ್ತೇವೆ. ನಾಳೆ ಅದನ್ನು ಯಾರು ನೋಡಿಕೊಳ್ಳುತ್ತಾರೆ ಎಂದು ಸಭೆಯಲ್ಲಿ ಕೇಳಿದವರು ಅಪಶಕುನ ನುಡಿದವರಂತೆ ಕಾಣುತ್ತಾರೆ. ಆದರೂ ಕೇಳಲೇಬೇಕು.

ನಮ್ಮ ಹೊಳೆಬಾಗಿಲನ್ನೇ ತೆಗೆದುಕೊಳ್ಳಿ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿಯ ಹಿನ್ನೀರು ತುಂಬಿತು. ಆಮೇಲೆ ತುಮರಿ ಕಡೆಯವರು ಸಾಗರಕ್ಕೆ ಬರಬೇಕಾದರೆ ಹಿನ್ನೀರು ದಾಟಬೇಕಾಯಿತು. ಸಿಗಂದೂರಿಗೆ ಹೊರಟ ಭಕ್ತರೂ ಲಾಂಚಿನ ಸರತಿಯಲ್ಲಿ ಕಾದರು. 2025ರ ಜುಲೈ 14ರಂದು ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಉದ್ಘಾಟನೆಯಾಯಿತು, ದಾರಿಯೇ ಬದಲಾಯಿತು. ಆದರೆ ಅದಕ್ಕೆ ಮುಂಚೆ ಬರೆದಿಟ್ಟ ಜಾಲಪುಟ ತಾನಾಗಿ ಬದಲಾಗುವುದಿಲ್ಲ. ಯಾರಾದರೂ ಕೂತು ತಿದ್ದುವ ತನಕ ಅದು ಲಾಂಚಿನ ವೇಳೆಯನ್ನೇ ಹೇಳುತ್ತಿರುತ್ತದೆ. ಹಳೆಯ ಪಂಚಾಂಗದ ಮೇಲೆ ಸಂವತ್ಸರದ ಹೆಸರಾದರೂ ಇರುತ್ತದೆ. ಹಳೆಯ ಜಾಲಪುಟದ ಮೇಲೆ ಎಷ್ಟೋ ಸಲ ದಿನಾಂಕವೂ ಇರುವುದಿಲ್ಲ. ಮಾಹಿತಿ ಸಿಗದಿದ್ದವನು ಫೋನ್ ಮಾಡಿ ಕೇಳುತ್ತಾನೆ. ತಪ್ಪು ಮಾಹಿತಿ ಸಿಕ್ಕವನು ಕೇಳುವುದೇ ಇಲ್ಲ.

ತಿದ್ದುವುದು ಅಷ್ಟು ಕಷ್ಟವೆ? ಒಂದು ಕಾಲದಲ್ಲಿ ಕಷ್ಟವಿತ್ತು. ಒಂದು ಸಾಲು ಬದಲಿಸಲೂ ಕಂಪ್ಯೂಟರಿನ ಸಂಕೇತ ಭಾಷೆ ಬಲ್ಲವರೇ ಬೇಕಿತ್ತು. ಆ ಕಷ್ಟ ನೀಗಲೆಂದೇ ವಿಷಯ ನಿರ್ವಹಣಾ ತಂತ್ರಾಂಶಗಳು ಬಂದವು: 2001ರಲ್ಲಿ ಡ್ರುಪಲ್, 2003ರಲ್ಲಿ ವರ್ಡ್‌ಪ್ರೆಸ್. ಎರಡೂ ಉಚಿತ. ಇವುಗಳಲ್ಲಿ ಪುಟದ ಅಂದಚೆಂದ ಒಂದೆಡೆ, ಬರೆದ ವಿಷಯ ಇನ್ನೊಂದೆಡೆ ಇರುತ್ತದೆ. ಪಾಸ್‌ವರ್ಡ್ ಕೊಟ್ಟು ಒಳಗೆ ಹೋಗಿ, ಕನ್ನಡದಲ್ಲೇ ಟೈಪ್ ಮಾಡಿ, ಪ್ರಕಟಿಸುವ ಗುಂಡಿ ಒತ್ತಿದರೆ ಮುಗಿಯಿತು. 2005ರಲ್ಲಿ ಹರಿಪ್ರಸಾದ್ ನಾಡಿಗರು ಆರಂಭಿಸಿದ 'ಸಂಪದ' ಡ್ರುಪಲ್ ಮೇಲೆಯೇ ನಿಂತಿತ್ತು. ಸಂಕೇತ ಭಾಷೆಯ ಗಂಧವಿಲ್ಲದವರೂ ಅಲ್ಲಿ ಕನ್ನಡದಲ್ಲಿ ಬರೆದರು.

"ನಮಗೆಲ್ಲಿ ಬರುತ್ತದೆ ಮೇಡಂ, ಅದೆಲ್ಲ ಟೆಕ್ನಿಕಲ್" ಎನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಸ್ಯಾಟ್ಸ್‌ನಲ್ಲಿ ಮಕ್ಕಳ ವಿವರ ತುಂಬುವವರು ನಾವೇ, ಯು-ಡೈಸ್ ತುಂಬುವವರೂ ನಾವೇ. ಇಲಾಖೆ ಕೇಳಿತು, ಕಲಿತೆವು. ತಂದೆತಾಯಿಗಳು ಗಟ್ಟಿಯಾಗಿ ಕೇಳುವುದಿಲ್ಲ, ಅದಕ್ಕೆ ಕಲಿಯಲಿಲ್ಲ. ಇಷ್ಟೇ ಸತ್ಯ.

ಇನ್ನೂ ದೊಡ್ಡ ಅವಿವೇಕ ಬೀಗದ ಕೈಯದು. ನನಗೆ ತಿಳಿದ ಒಂದು ಪ್ರೌಢಶಾಲೆಗೆ ಹಳೆಯ ವಿದ್ಯಾರ್ಥಿಗಳು ಚಂದಾ ಎತ್ತಿ ಜಾಲತಾಣ ಮಾಡಿಸಿದರು. ಮಾಡಿಕೊಟ್ಟವನು ಜಾಲದ ಹೆಸರನ್ನು ತನ್ನದೇ ಖಾತೆಯಲ್ಲಿ ನೋಂದಾಯಿಸಿಕೊಂಡ. ಪಾಸ್‌ವರ್ಡೂ ಅವನ ಹತ್ತಿರವೇ ಇತ್ತು. ಮೂರು ವರ್ಷಕ್ಕೆ ಅವನ ಫೋನ್ ನಂಬರು ಬದಲಾಯಿತು, ಹೆಸರಿನ ಅವಧಿ ಮುಗಿಯಿತು, ಜಾಲತಾಣ ಮಾಯವಾಯಿತು. ಜೊತೆಗೆ ನಿವೃತ್ತ ಶಿಕ್ಷಕರು ಬರೆದುಕೊಟ್ಟಿದ್ದ ಶಾಲೆಯ ಚರಿತ್ರೆ, ಹಳೆಯ ಫೋಟೋಗಳು ಎಲ್ಲವೂ ಹೋದವು. ಪ್ರತಿ ಯಾರ ಬಳಿಯೂ ಇರಲಿಲ್ಲ. ಮನೆ ಕಟ್ಟಿದ ಮೇಸ್ತ್ರಿಯ ಹೆಸರಿಗೇ ಖಾತೆ ಮಾಡಿಸಿ, ಬೀಗದ ಕೈಯನ್ನೂ ಅವನಿಗೇ ಕೊಟ್ಟು ಕಳಿಸುವವರುಂಟೆ?

ಅಡಿಕೆ ತೋಟ ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಸಸಿ ನೆಟ್ಟು ಕೈ ತೊಳೆದುಕೊಂಡವನಿಗೆ ಫಸಲಿಲ್ಲ. ಮಳೆ ಹಿಡಿಯುವ ಮುಂಚೆ ಬೋರ್ಡೋ ಹೊಡೆಯದಿದ್ದರೆ ಕೊಳೆ ರೋಗ ಖಂಡಿತ. ಜಾಲತಾಣಕ್ಕೂ ಹಾಗೆಯೇ ಆರೈಕೆ ಬೇಕು: ಹೆಸರಿನ ನವೀಕರಣ, ಜಾಗದ ಬಾಡಿಗೆ, ತಂತ್ರಾಂಶದ ಹೊಸ ಆವೃತ್ತಿ, ಇಡೀ ತಾಣದ ಒಂದು ನಕಲು. ತಂತ್ರಾಂಶವನ್ನು ಕಾಲಕ್ಕೆ ಸರಿಯಾಗಿ ಪರಿಷ್ಕರಿಸದಿದ್ದರೆ ಅದರ ಬಿರುಕಿನಿಂದಲೇ ಕಳ್ಳರು ನುಗ್ಗುತ್ತಾರೆ.

ವಾಟ್ಸ್ಆ್ಯಪ್ ಇರುವಾಗ ಜಾಲತಾಣವೇಕೆ ಎನ್ನುವವರಿದ್ದಾರೆ. ಗುಂಪಿನಲ್ಲಿ ಹಾಕಿದ ಸುತ್ತೋಲೆ ಸಂಜೆಯೊಳಗೆ ಶುಭಾಶಯಗಳ ಅಡಿಯಲ್ಲಿ ಹೂತುಹೋಗುತ್ತದೆ. ಗುಂಪಿನ ಹೊರಗಿನವರಿಗೆ ಅದು ಇಲ್ಲವೇ ಇಲ್ಲ. ಪ್ರವೇಶಕ್ಕೆ ಏನೇನು ದಾಖಲೆ ಬೇಕೆಂದು ತಿಳಿಯಲು ಕೂಲಿ ಬಿಟ್ಟು, ಬಸ್ಸಿಗೆ ದುಡ್ಡು ಕೊಟ್ಟು ಬರುವ ತಾಯಿ ಯಾವ ಗುಂಪಿನಲ್ಲಿದ್ದಾಳೆ? ಮಾಹಿತಿ ಹಕ್ಕು ಕಾಯಿದೆ ಬಂದದ್ದು 2005ರಲ್ಲಿ. ಸಾರ್ವಜನಿಕ ಸಂಸ್ಥೆಗಳು ತಮ್ಮ ವಿವರಗಳನ್ನು ಯಾರೂ ಕೇಳುವ ಮೊದಲೇ ಪ್ರಕಟಿಸಬೇಕು, ವರ್ಷಕ್ಕೊಮ್ಮೆ ಪರಿಷ್ಕರಿಸಬೇಕು ಎಂದು ಅದರ ನಾಲ್ಕನೆಯ ಕಲಮು ಹೇಳುತ್ತದೆ. ಪ್ರಕಟಣೆಯಷ್ಟೇ ಪರಿಷ್ಕರಣೆಯೂ ಕರ್ತವ್ಯ ಎಂದಾಯಿತು.

ಆದ್ದರಿಂದ ಜಾಲತಾಣ ಮಾಡಿಸಹೊರಟ ಊರಿನವರು ಮೊದಲು ಮೂರು ವಿಷಯ ಗೊತ್ತುಮಾಡಿಕೊಳ್ಳಲಿ. ಜಾಲದ ಹೆಸರು ಸಂಸ್ಥೆಯ ಹೆಸರಿನಲ್ಲಿ ನೋಂದಣಿಯಾಗಲಿ; ಪಾಸ್‌ವರ್ಡ್ ಸಂಸ್ಥೆಯ ಇಬ್ಬರ ಬಳಿಯಾದರೂ ಇರಲಿ. ವಿಷಯ ಫೋನಿನಲ್ಲೂ ಓದಲು, ಹುಡುಕಲು ಬರುವಂತೆ ಯುನಿಕೋಡ್ ಕನ್ನಡದಲ್ಲಿರಲಿ, ಸುತ್ತೋಲೆಯ ಫೋಟೋ ಅಂಟಿಸುವುದು ಬೇಡ. ತಿಂಗಳಿಗೊಮ್ಮೆ ಕೂತು ನೋಡುವವರು ಯಾರೆಂದು ನಡಾವಳಿ ಪುಸ್ತಕದಲ್ಲಿ ಬರೆದು, ಅವರಿಗೆ ಅದಕ್ಕೆ ಬೇಕಾದ ಬಿಡುವನ್ನೂ ಖರ್ಚನ್ನೂ ಕೊಡಲಿ. ಇಷ್ಟಕ್ಕೆ ಮನಸ್ಸಿಲ್ಲದಿದ್ದರೆ ನೋಟಿಸ್ ಬೋರ್ಡಿಗೆ ಬಣ್ಣ ಹೊಡೆಸಿ, ಸೀಮೆಸುಣ್ಣದಲ್ಲಿ ಸರಿಯಾದ ತಾರೀಖು ಬರೆಯಲಿ. ಅದು ಸುಳ್ಳು ಹೇಳುವ ಜಾಲತಾಣಕ್ಕಿಂತ ಎಷ್ಟೋ ಮೇಲು.