ಹಳೆಯ ಮೋಟಾರಿಗೆ ಹೊಸ ಕೊಡೆ

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂದರು ಹಿರಿಯರು. ಅವರ ಕಾಲದಲ್ಲಿ ಮೋಟಾರು ಇದ್ದಿದ್ದರೆ ‘ಹಳೆಯ ಕಾರಿಗೆ ಹುಡ್ ಹೊದಿಸಿ ನೋಡು’ ಎಂಬ ಮೂರನೆಯ ಮಾತನ್ನೂ ಸೇರಿಸುತ್ತಿದ್ದರೇನೋ!

ಹುಡ್ ಎಂದರೆ ಮಳೆ ಬಂದಾಗ ಎಳೆದುಕೊಂಡು, ಬೇಡವಾದಾಗ ಹಿಂದಕ್ಕೆ ಮಡಿಚಿಡುವ ಬಟ್ಟೆಯ ಮಾಡು. ಇಂಗ್ಲೆಂಡಿನ ಮಾರಿಸ್ ಮೈನರ್ ಕಾರನ್ನೇ ನೋಡಿ. ಅಲೆಕ್ ಇಸಿಗೋನಿಸ್ ರೂಪಿಸಿದ ಈ ಪುಟ್ಟ ಗಾಡಿ 1948ರಲ್ಲಿ ಹೊರಬಂದಾಗಲೇ ಬಟ್ಟೆಯ ಮಾಡಿನ ಮಾದರಿಯೂ ಜೊತೆಗಿತ್ತು. ‘ಟೂರರ್’ ಎಂಬ ಅದರ ಹೆಸರು 1951ರಲ್ಲಿ ‘ಕನ್ವರ್ಟಿಬಲ್’ ಎಂದಾಯಿತು. 1969ರಲ್ಲಿ ತಯಾರಿಕೆ ನಿಂತಿತು. ಇಂದಿಗೂ ಅದನ್ನು ಮನೆಮಗುವಿನಂತೆ ಸಾಕುವವರಿದ್ದಾರೆ.

ಹುಡ್ ಹರಿದೊಡನೆ ಬಟ್ಟೆಯ ಅಂಗಡಿಗೆ ಧಾವಿಸುವುದು ಸಹಜ. ಆದರೆ ಮೊದಲು ಬಗ್ಗಿ ನೋಡಬೇಕಾದುದು ಕಾರಿನ ತಳವನ್ನು. ಉಕ್ಕಿನ ಮಾಡು ಒಡಲಿಗೆ ಬಿಗುವನ್ನು ಕೊಡುತ್ತದೆ; ಬಟ್ಟೆಯ ಮಾಡಿಗೆ ಆ ಶಕ್ತಿಯಿಲ್ಲ. ಆದಕಾರಣ ಇಂಥ ಕಾರಿನ ಕೆಳಭಾಗಕ್ಕೆ ಹೆಚ್ಚಿನ ಉಕ್ಕಿನ ಆಸರೆ ಇರುತ್ತದೆ. ಅದು ತುಕ್ಕು ಹಿಡಿದರೆ ಒಡಲು ನಡುವೆ ಕುಗ್ಗಿ, ಬಾಗಿಲಿನ ಸಂದು ಒಂದು ಕಡೆ ಅಗಲವಾಗಿ, ಇನ್ನೊಂದು ಕಡೆ ಕಿರಿದಾಗುತ್ತದೆ. ಕುಗ್ಗಿದ ಒಡಲಿಗೆ ಅಳೆದು ಹೊಲಿಸಿದ ಹುಡ್, ಅದನ್ನು ನೆಟ್ಟಗೆ ಮಾಡಿಸಿದ ದಿನವೇ ಹೊಂದದೆ ಹೋಗುತ್ತದೆ. ಹಣದ ನಷ್ಟ ಹಾಗಿರಲಿ, ತಳ ಸವೆದ ಕಾರು ಪ್ರಾಣಕ್ಕೇ ಅಪಾಯ.

ತಳ ಭದ್ರವಾದ ಮೇಲೆ ಚೌಕಟ್ಟಿನ ಸರದಿ. ನಮ್ಮ ಕಮಾನುಗಾಡಿಯಂತೆಯೇ ಇಲ್ಲಿಯೂ ಬಾಗಿದ ಕಮಾನುಗಳುಂಟು. ಅವುಗಳ ನಡುವಣ ಅಂತರವನ್ನು ಹಿಡಿದಿಡುವುದು ನವಾರದಂಥ ಪಟ್ಟಿ. ಅದು ಸಡಿಲವಾಗಿದ್ದರೆ ಎಂತಹ ದುಬಾರಿ ಬಟ್ಟೆಯೂ ಜೋತುಬಿದ್ದು ನೀರು ನಿಲ್ಲುತ್ತದೆ. ಆದ್ದರಿಂದ ಹಳೆಯದನ್ನು ಕೀಳುವ ಮುನ್ನ ಅಂತರಗಳನ್ನು ಅಳೆದು ಬರೆದಿಡಬೇಕು. ಹಳೆಯ ಬಟ್ಟೆಯನ್ನು ಮಾದರಿಗಾಗಿ ಉಳಿಸಿಕೊಳ್ಳಬೇಕು.

ಬಟ್ಟೆಯ ವಿಷಯವೂ ಸ್ವಾರಸ್ಯಕರ. ಎರಡು ಪದರ ಬಟ್ಟೆಯ ನಡುವೆ ರಬ್ಬರನ್ನು ಅಂಟಿಸಿ ನೀರನ್ನು ತಡೆಯುವ ವಿಧಾನಕ್ಕೆ ಚಾರ್ಲ್ಸ್ ಮ್ಯಾಕಿಂಟಾಶ್ 1823ರಲ್ಲಿ ಪೇಟೆಂಟ್ ಪಡೆದನು. ಉತ್ತಮ ಹುಡ್ ಬಟ್ಟೆಯ ಮರ್ಮ ಇಂದಿಗೂ ಅದೇ. ವಿನೈಲ್ ಹುಡ್ ಆದರೆ ಬೆಚ್ಚನೆಯ ಬಿಸಿಲಿನಲ್ಲಿ ಹೊದಿಸುವುದು ಮೇಲು. ಕಾವಿಗೆ ಅದು ಮೆತ್ತಗಾಗಿ ಸುಕ್ಕಿಲ್ಲದೆ ಕೂರುತ್ತದೆ. ಬಾಗಿಲು, ಕಿಟಕಿಗಳನ್ನು ಮುಚ್ಚಿ, ಮೊದಲು ನಡುಗೆರೆಯನ್ನು ಹೊಂದಿಸಿ, ಬಳಿಕ ಎರಡೂ ಮಗ್ಗುಲುಗಳಿಗೆ ಸಮನಾಗಿ ಎಳೆಯಬೇಕು. ಎಲ್ಲವೂ ಸರಿಯೆನಿಸುವವರೆಗೆ ಮೊಳೆಗಳನ್ನು ಪೂರ್ತಿ ಹೊಡೆಯಲಾಗದು. ಅನಂತರ ಕೆಲವು ದಿನ ಮಡಿಚದೆ ಹಾಗೆಯೇ ಬಿಡಬೇಕು.

ನೆನೆದ ಕೊಡೆಯನ್ನು ಮಡಿಚಿ ಮೂಲೆಗೆ ಇಡಬೇಡವೆಂದು ತಾಯಂದಿರು ಮಕ್ಕಳಿಗೆ ಹೇಳುವುದುಂಟು. ಬೂಷ್ಟು ಹಿಡಿಯದಂತೆ ಹುಡ್ಡನ್ನು ಕಾಪಾಡಲು ಕಾರಿನ ಯಜಮಾನರಿಗೂ ಆ ಬುದ್ಧಿವಾದವೇ ಸಾಕು!