ಕಿವಿ ಒಪ್ಪಿದ, ಕಣ್ಣು ಒಪ್ಪದ ವರ್ಣಮಾಲೆ

ಪಾದ್ರಿಯೂ ಭಾಷಾವಿಜ್ಞಾನಿಯೂ ಆಗಿದ್ದ ಫ್ರಾಂಟ್ಸ್ ಮೆಟೆಲ್ಕೊ (1789–1860) ತಮ್ಮ ಸ್ಲೊವೇನಿಯನ್ ವ್ಯಾಕರಣವನ್ನು 1825ರಲ್ಲಿ ಪ್ರಕಟಿಸಿದಾಗ ಅದರೊಂದಿಗೆ ಹೊಸ ವರ್ಣಮಾಲೆಯನ್ನೂ ಮುಂದಿಟ್ಟರು. 1833ರಲ್ಲಿ ಸರ್ಕಾರ ಅದನ್ನು ಶಾಲೆಗಳಿಂದ ಹೊರಹಾಕಿತು. ಧ್ವನಿಶಾಸ್ತ್ರದ ಲೆಕ್ಕದಲ್ಲಿ ಅವರ ವಾದ ಗಟ್ಟಿಯಾಗಿಯೇ ಇತ್ತು. ಹಾಗಿದ್ದೂ ಸೋತಿದ್ದೇಕೆ?

ಹಳೆಯ ಲಿಪಿಯ ತೊಡಕು ಕಲ್ಪಿತವಲ್ಲ. ಆಡಮ್ ಬೊಹೊರಿಚ್ ಅವರ 1584ರ ವ್ಯಾಕರಣದಿಂದ ಹೆಸರು ಪಡೆದ ಆ ಬರಹದಲ್ಲಿ ‘ಶ’ ಧ್ವನಿಗೆ ಉದ್ದನೆಯ ಎಸ್ ಜೊತೆ ಎಚ್ ಸೇರಿಸಬೇಕಿತ್ತು. ಅದರದೇ ಘೋಷ ರೂಪಕ್ಕೆ ಗಿಡ್ಡ ಎಸ್ ಜೊತೆ ಎಚ್. ದೊಡ್ಡಕ್ಷರ ಬಂದರೆ ಎರಡಕ್ಕೂ ಒಂದೇ ಎಸ್. ‘ಎ’ ಮತ್ತು ‘ಒ’ ಸ್ವರಗಳನ್ನು ಬಾಯಿ ಕಿರಿದು ಮಾಡಿ ನುಡಿಯುವುದಕ್ಕೂ ಅಗಲಿಸಿ ನುಡಿಯುವುದಕ್ಕೂ ಇರುವ ವ್ಯತ್ಯಾಸ ಬರಹದಲ್ಲಿ ಕಾಣುತ್ತಲೇ ಇರಲಿಲ್ಲ.

ಒಂದು ಧ್ವನಿಗೆ ಒಂದೇ ಅಕ್ಷರ ಎಂಬುದು ವಿಯೆನ್ನಾದಲ್ಲಿದ್ದ ವಿದ್ವಾಂಸ ಯೆರ್ನೇಯ್ ಕೊಪಿತಾರ್ ಅವರ ಪಟ್ಟು. ಲ್ಯುಬ್ಲಿಯಾನಾದ ಲೈಸಿಯಂನಲ್ಲಿ ಸ್ಲೊವೇನಿಯನ್ ಪ್ರಾಧ್ಯಾಪಕರಾಗಿದ್ದ ಮೆಟೆಲ್ಕೊ ಅದನ್ನು ಕಾರ್ಯರೂಪಕ್ಕೆ ಇಳಿಸಿದರು. ಸ್ವರಭೇದಗಳಿಗೆ ಬೇರೆ ಬೇರೆ ಚಿಹ್ನೆ ಕೊಟ್ಟರು. ಲ್ಯಾಟಿನ್ ಸಾಲದ ಕಡೆ ಸಿರಿಲಿಕ್ ಮಾದರಿಯ ಅಕ್ಷರಗಳನ್ನು ತಂದರು. ಕಿವಿ ಒಪ್ಪಿತು. ಆದರೆ ಎರಡೂವರೆ ಶತಮಾನದಿಂದ ಬೇರೆ ಅಕ್ಷರಗಳಿಗೆ ಪಳಗಿದ್ದ ಕಣ್ಣು ಒಪ್ಪಲಿಲ್ಲ.

ಅಷ್ಟರಲ್ಲಿ ಸ್ಟೈರಿಯಾ ಪ್ರಾಂತ್ಯದಲ್ಲಿ ಇನ್ನೊಬ್ಬ ಪಾದ್ರಿ ಪೀಟರ್ ದೈಂಕೊ 1824ರಲ್ಲೇ ಬೇರೊಂದು ವರ್ಣಮಾಲೆ ತಂದಿದ್ದರು. ಅದರಲ್ಲಿ ‘ಶ’ ಧ್ವನಿಗೆ ಎಂಟರ ಅಂಕಿಯನ್ನು ಹೋಲುವ ಅಕ್ಷರ! ಭಾಷೆಯನ್ನು ಒಗ್ಗೂಡಿಸಬೇಕಿದ್ದ ಸುಧಾರಣೆ ಒಂದೇ ಭಾಷೆಯ ಓದುಗರನ್ನು ಹಂಚಿಹಾಕಿತು.

1830ರ ದಶಕದ ಆರಂಭದಲ್ಲಿ ‘ಅಕ್ಷರ ಸಮರ’ ಜೋರಾಯಿತು. ಕವಿ ಫ್ರಾಂಟ್ಸೆ ಪ್ರೆಶೆರ್ನ್, ಧಾನ್ಯದ ಗಂಜಿಯ ಹೆಸರನ್ನು ಹೇಗೆ ಬರೆಯಬೇಕೆಂದು ಕಚ್ಚಾಡುವವರನ್ನು ಸಾನೆಟ್‌ನಲ್ಲಿ ಗೇಲಿ ಮಾಡಿದರು. ಗ್ರಂಥಪಾಲಕ ಮತಿಯ ಚೋಪ್, ಜೆಕ್ ವಿದ್ವಾಂಸ ಚೆಲಾಕೊವ್‌ಸ್ಕಿ ಬರೆದ ವಿಮರ್ಶೆಯನ್ನು 1833ರಲ್ಲಿ ತಮ್ಮ ಟಿಪ್ಪಣಿಯೊಂದಿಗೆ ಪ್ರಕಟಿಸಿ ಕೊಪಿತಾರ್ ಪಾಳಯವನ್ನು ಎದುರು ಹಾಕಿಕೊಂಡರು. ಪೀಠದ ಬಲದಿಂದ ಶಾಲೆ ಹೊಕ್ಕಿದ್ದ ಲಿಪಿ ಸರ್ಕಾರದ ಆದೇಶಕ್ಕೆ ಉರುಳಿತು. ಅದನ್ನು ಹಿಡಿದು ನಿಲ್ಲಿಸುವಷ್ಟು ಓದುಗರು ಇರಲಿಲ್ಲ.

ಕೊನೆಗೆ ಗೆದ್ದಿದ್ದು ಕ್ರೊಯೇಷಿಯಾದ ಲ್ಯುದೆವಿತ್ ಗಾಯ್ 1830ರಲ್ಲಿ ಸೂಚಿಸಿದ ಲಿಪಿ. ಜೆಕ್ ಬರಹದಿಂದ ಪ್ರೇರಣೆ ಪಡೆದ ಅದು ಪರಿಚಿತ ಲ್ಯಾಟಿನ್ ಅಕ್ಷರಗಳ ನೆತ್ತಿಯ ಮೇಲೆ ಪುಟ್ಟ ಕೊಕ್ಕೆ ಇಟ್ಟಿತು, ಅಷ್ಟೆ. ಅದನ್ನು ಕಲಿತವರಿಗೆ ನೆರೆಯ ಭಾಷೆಯ ಪುಸ್ತಕಗಳೂ ತೆರೆದುಕೊಂಡವು. ರೈತರು, ಕುಶಲಕರ್ಮಿಗಳಿಗಾಗಿ 1843ರಲ್ಲಿ ಶುರುವಾದ ‘ನೊವಿತ್ಸೆ’ ಪತ್ರಿಕೆ ಹಂತ ಹಂತವಾಗಿ ಇದೇ ಲಿಪಿಗೆ ಬಂದಿತು.

ಗಾಯ್ ಲಿಪಿಯೂ ಪೂರ್ಣವಲ್ಲ. ಮೆಟೆಲ್ಕೊ ಬೇರ್ಪಡಿಸಿದ್ದ ಸ್ವರಗಳು ಇಂದಿಗೂ ದಿನಬಳಕೆಯ ಸ್ಲೊವೇನಿಯನ್ ಬರಹದಲ್ಲಿ ಒಂದೇ ಅಕ್ಷರದಡಿ ಇವೆ. ನಿಘಂಟುಗಳು ಮಾತ್ರ ಅವನ್ನು ಸ್ವರಚಿಹ್ನೆಯಿಂದ ತೋರಿಸುತ್ತವೆ. ಭಾಷೆ ಬಲ್ಲ ಓದುಗ ಆ ಕೊರತೆಯನ್ನು ಸಂದರ್ಭದಿಂದಲೇ ತುಂಬಿಕೊಳ್ಳುತ್ತಾನೆ. ಹಳೆಯ ಪುಸ್ತಕ, ನೆರೆಯ ಓದುಗ, ಅಚ್ಚುಮನೆ ಇವುಗಳ ಜೊತೆಗಿನ ನಂಟು ಕಡಿದರೆ ಆ ನಷ್ಟವನ್ನು ಹೀಗೆ ತುಂಬಿಕೊಳ್ಳಲಾಗದು. ಆದ್ದರಿಂದ ಲಿಪಿ ತಿದ್ದಹೊರಟವರು ಎಷ್ಟು ಧ್ವನಿಗಳು ಬಿಟ್ಟುಹೋಗಿವೆ ಎಂದು ಎಣಿಸುವ ಮೊದಲು, ಎಷ್ಟು ಓದುಗರು ಬಿಟ್ಟುಹೋಗುತ್ತಾರೆ ಎಂದು ಎಣಿಸುವುದು ಮೇಲು.